ಕವಲು ದಾಟಿದ ಮೇಲೆ ಬೋರ್ಡು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ನಮಸ್ಕಾರ. ಗಾಬರಿಯಾಗಬೇಡಿ, ಫೋನಿನಲ್ಲಿ ಹೇಳಿದ ಹಾಗೆ ಮೊನ್ನೆಯ ಅಪಘಾತದಲ್ಲಿ ನಮ್ಮಿಬ್ಬರಿಗೂ ಮಗಳಿಗೂ ಏನೂ ಆಗಿಲ್ಲ. ಕಾರಿನ ಒಂದು ಪಕ್ಕ ಮಾತ್ರ ನಜ್ಜುಗುಜ್ಜಾಗಿದೆ.

ನಿನ್ನೆ ಫೋನಿನಲ್ಲಿ ನೀವು ನಿಮ್ಮ ತಮ್ಮನನ್ನು, ಕುಣಿಯಲಾರದವನಿಗೆ ನೆಲ ಡೊಂಕಂತೆ ಎಂದು ಛೇಡಿಸಿದಾಗ ನಾನು ಅವರ ಪರ ವಹಿಸಿದೆ. ಇಲ್ಲಿ ನೆಲ ನಿಜಕ್ಕೂ ಡೊಂಕು ಅತ್ತಿಗೆ. ಸೇತುವೆ ಇಳಿಯುತ್ತಲೇ ನಮ್ಮ ಮನೆಯ ಕವಲು. ಹೆದ್ದಾರಿಗೆ ನುಗ್ಗುವವರೂ ಹೊರಬೀಳುವವರೂ ಅಲ್ಲೇ ಒಬ್ಬರ ಮೇಲೊಬ್ಬರು. ಬೋರ್ಡು ಕಾಣುವುದು ಕವಲು ದಾಟಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ತಪ್ಪಿದರೆ ಮುಂದೆಲ್ಲೋ ತಿರುಗಿಸಿಕೊಂಡು, ಮತ್ತೆ ಸೇತುವೆ ಹತ್ತಿ ನದಿಯ ಆಚೆ ದಡಕ್ಕೇ ಹೋಗಿ ಬರಬೇಕು. ಹಾಲು ತರಲು ಹೊರಟ ನಾನು ಎಷ್ಟೋ ಸಲ ಆಚೆ ದಡ ನೋಡಿ ಬಂದಿದ್ದೇನೆ. ವಿಮೆಯವನೂ ಬಂದು, ಪಾಪ ನಿಮ್ಮ ತಪ್ಪೇನಿದೆ, ರಸ್ತೆಯೇ ಹಾಗೆ ಎಂದು ಹೋದ. ಆ ಮಾತಿಗೆ ಉಪ್ಪುಖಾರ ಹಚ್ಚಿ ಇವರು ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ.

ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು. ಕವಲು ಬಂದಾಗ, ರೀ, ತಿರುಗಿಸಿ ಎಂದೆ. ಅವರ ಕೈ ಅಲುಗಲಿಲ್ಲ. ನೋಡಿದರೆ ಕಣ್ಣು ತೆರೆದೇ ಇತ್ತು, ಅವರು ಅಲ್ಲಿರಲಿಲ್ಲ. ತುಟಿ ಮಾತ್ರ ಏನೋ ಚಪ್ಪರಿಸುತ್ತಿತ್ತು. ನಾನೇ ಸ್ಟೀರಿಂಗ್ ಎಳೆದೆ. ಕಾರು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಎಚ್ಚರಾದವರೇ, ತಲೆ ನೆಟ್ಟಗಿದೆಯಾ ನಿಂಗೆ, ಯಾಕೆ ಎಳೆದೆ ಎಂದು ರೇಗಿದರು. ಹಿಂದೆ ಕೂತ ಮಗಳ ಎದುರು, ಹೆದರಿಕೆಯಾಯ್ತು ಎಂದು ಒಪ್ಪಿಕೊಂಡೆ.

ಕಳೆದ ತಿಂಗಳು ಊಟಕ್ಕೆ ಕೂತಾಗಲೂ ಹೀಗೇ ಆಗಿತ್ತು. ಚಮಚ ಕೈಯಲ್ಲೇ ಇತ್ತು. ಆಯಾಸವಿರಬೇಕು ಎಂದುಕೊಂಡೆ. ಈಗಲೂ ಒಮ್ಮೊಮ್ಮೆ, ನಾನು ಕಂಡದ್ದು ನಿಜವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಡಾಕ್ಟರ ಹತ್ತಿರ ಹೋಗೋಣವೆಂದರೆ, ಬಾಯಿಬಿಟ್ಟರೆ ಲೈಸೆನ್ಸೂ ಹೋಯ್ತು, ಕೆಲಸವೂ ಹೋಯ್ತು, ಆಮೇಲೆ ನಿನ್ನ ಅಡುಗೆಮನೇಲಿ ನನ್ನನ್ನ ಕೂರಿಸ್ಕೋ ಎನ್ನುತ್ತಾರೆ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ.

ನಾಳೆ ಶಾಲೆ ತೆರೆಯುತ್ತದೆ. ಇವರು ಓಡಿಸುವ ಶಾಲೆಯ ಬಸ್ಸು ಇಳಿಯುವುದೂ ಅದೇ ಸೇತುವೆ. ರಸ್ತೆ ಕೆಟ್ಟದ್ದು ಎಂಬ ನಿಜವನ್ನೇ ಹೇಳಿ ಹೇಳಿ ಅದರ ಹಿಂದೆ ಇನ್ನೊಂದು ನಿಜವನ್ನು ಬಚ್ಚಿಟ್ಟೆವು. ನಿಮ್ಮ ಬೈಗುಳಕ್ಕೆ ಅವರು ಮೊದಲಿನಿಂದಲೂ ಬಗ್ಗುತ್ತಾರೆ. ಇವರಿಗೆ ಕೇಳಿಸಬಾರದೆಂದು ಇದನ್ನು ಬರೆದು ಫೋನಿನಲ್ಲೇ ಕಳಿಸುತ್ತಿದ್ದೇನೆ. ಇಂದೇ ಇವರಿಗೆ ಫೋನ್ ಮಾಡಿ, ಡಾಕ್ಟರನ್ನು ನೋಡಲು ಒಪ್ಪಿಸಿ.

ನೀವೇ ಹೆಸರಿಟ್ಟ
ಮೌನಗೌರಿ

ತಾ.ಕ.: ನೀವು ಒಪ್ಪಿಸುವವರೆಗೂ ಕಾಯುವ ಧೈರ್ಯ ನನಗಿಲ್ಲ. ಬಸ್ಸುಗಳ ಮೇಲ್ವಿಚಾರಕಿಗೆ, ಕೆಳಗೆ ನನ್ನ ಹೆಸರನ್ನೂ ಹಾಕಿ, ಎಲ್ಲವನ್ನೂ ಬರೆದು ಈಗಷ್ಟೇ ಕಳಿಸಿದೆ. ಇವರು ಪಕ್ಕದ ಕೋಣೆಯಲ್ಲಿ ಸಿಳ್ಳೆ ಹಾಕುತ್ತ ನಾಳೆಯ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಇವರ ಫೋನು ಬಡಿದುಕೊಳ್ಳುತ್ತಿದೆ. ಸಿಳ್ಳೆ ನಿಂತಿತು.