ಜ್ವರ ಮುಚ್ಚಿಡಬೇಡಿ ಎಂದ ತಾಯಿ

ನಾಗಸಂದ್ರ, ಸೋಮವಾರ

ದೊಡ್ಡವ್ವನ ಪಾದಕ್ಕೆ ನೀಲಾಂಬಿಕಾಳ ನಮಸ್ಕಾರ.

ನನಗೆ ಡೆಂಗಿಯಾಗಿದ್ದನ್ನು ಅಪ್ಪ ಫೋನಿನಲ್ಲಿ ಹೇಳಿರಬೇಕು. ಉಳಿದದ್ದನ್ನು ನಾನೇ ಬರೆಯುತ್ತೇನೆ.

ಕಾಲೇಜಿನ ಮೊದಲ ದಿನ ಹೊಸಬರನ್ನೆಲ್ಲ ಕೂಡಿಸಿ ಹಾಸ್ಟೆಲಿನ ನಿಯಮ ಹೇಳಿದರು. ಕೊನೆಗೆ ಸೀತಾಲಕ್ಷ್ಮಿ ಎಂಬ ತಾಯಿ ಎದ್ದು ನಿಂತರು. ಅವರ ಮಗಳು ಚಿತ್ರಾ ಇದೇ ಹಾಸ್ಟೆಲಿನಲ್ಲಿದ್ದಳಂತೆ.

"ನಾಲ್ಕು ದಿನ ಜ್ವರ ಇದ್ರೂ ಯಾರ್ಗೂ ಹೇಳ್ಲಿಲ್ಲಮ್ಮ. ಆಸ್ಪತ್ರೆಗೆ ಸೇರಿಸೋ ಹೊತ್ಗೆ ತಡ ಆಗೋಗಿತ್ತು. ನೀವು ಮುಚ್ಚಿಡ್ಬೇಡಿ," ಎಂದರು. ಪ್ರತಿ ವರ್ಷ ಬಂದು ಇಷ್ಟೇ ಹೇಳಿ ಹೋಗುತ್ತಾರಂತೆ.

ನನಗೂ ಎರಡು ದಿನದಿಂದ ಮೈ ಸುಡುತ್ತಿತ್ತು. ಬಂದ ವಾರವೇ ಊರಿಗೆ ಕಳಿಸಿಬಿಟ್ಟಾರೆಂದು ಸುಮ್ಮನಿದ್ದೆ. ಸಭೆ ಮುಗಿದ ಮೇಲೆ ಅವರ ಹತ್ತಿರ ಹೋಗಿ, "ಅಮ್ಮಾ, ನನಗ ಜ್ವರ ಐತ್ರಿ," ಎಂದೆ. ಅವರು ಹಣೆ ಮುಟ್ಟಿ ನೋಡಿ, ವಾರ್ಡನ್ನರನ್ನು ಕರೆದು, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ಅಪ್ಪ ಬರುವ ತನಕ ನನ್ನ ಮಂಚದ ಪಕ್ಕದಲ್ಲೇ ಕೂತಿದ್ದರು. ಅಪ್ಪ ಕೈಮುಗಿದಾಗ, "ನಿಮ್ಮ ಮಗಳು ಬಾಯ್ಬಿಟ್ಟು ಹೇಳಿದ್ಲಲ್ಲ, ಅಷ್ಟೇ ಸಾಕು," ಎಂದು ಅತ್ತುಬಿಟ್ಟರು.

ಈಗ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ದೊಡ್ಡವ್ವ, ನಿನಗೆ ಎದೆನೋವು ಬರುವುದು ನನಗೆ ಗೊತ್ತು. ಈ ವಾರವೇ ಡಾಕ್ಟರಿಗೆ ತೋರಿಸು.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ನೀಲಾ