ತೇಲುವ ಹೋಟೆಲಿನಿಂದ

ಅಪ್ಪಾ,

‘ತೇಲೋ ಹೋಟೆಲು’ ಅಂತ ನೀವು ಮೂಗು ಮುರಿದ ನನ್ನ ಹಡಗು ಸೋಮವಾರ ನಿಮ್ಮ ಬಂದರಿಗೆ ಬರುತ್ತಿದೆ. ನಿಮ್ಮ ಹಳೇ ಹಡಗು ಬಿರುಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು, ನಮ್ಮದು ಅದನ್ನು ಸುತ್ತುಬಳಸಿ ಹೋಗುತ್ತದೆ, ಒಪ್ಪಿದೆ. ಆದರೆ ನಿಮ್ಮಲ್ಲಿ ಮೂವತ್ತು ಜನ ಬೆವರು ಸುರಿಸುತ್ತಿದ್ದ ಎಂಜಿನ್ ಕೋಣೆಯನ್ನು ಇಲ್ಲಿ ನಾವು ನಾಲ್ವರೇ ನಡೆಸುತ್ತೇವೆ.

ಮೊನ್ನೆ ಕಂಪ್ಯೂಟರು ಎಲ್ಲ ಸರಿಯಿದೆ ಅಂತಿತ್ತು. ನನಗೇಕೋ ಸಮಾಧಾನವಾಗದೆ ಬೇರಿಂಗಿಗೆ ಕೈಯ ಹಿಂಬದಿ ತಾಗಿಸಿದೆ, ಚಿಕ್ಕಂದಿನಲ್ಲಿ ನೀವು ನನ್ನ ಜ್ವರ ನೋಡುತ್ತಿದ್ದ ಹಾಗೆ. ಸುಡುತ್ತಿತ್ತು. ತಕ್ಷಣ ನಿಲ್ಲಿಸಿದೆ, ಎಂಜಿನ್ ಉಳಿಯಿತು.

ಹಡಗು ಹತ್ತಲು ನಿಮ್ಮ ಪಾಸ್ ಈ ಲಕೋಟೆಯೊಳಗಿದೆ. ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ನಾನು ಈ ಕೆಲಸಕ್ಕೆ ಸೇರಿದಾಗ ಮಾತು ಬಿಟ್ಟಿರಿ. ಈಗಲೂ ಆಡಬೇಕೆಂದೇನಿಲ್ಲ. ಕೆಳಗೆ ಎಂಜಿನ್ ಕೋಣೆಯ ಸದ್ದಿನಲ್ಲಿ ಹೇಗೂ ಕೇಳಿಸುವುದಿಲ್ಲ. ಕೈಯಿಟ್ಟು ನೋಡಿದರೆ ಸಾಕು.

ನಿಮ್ಮ ಮಗಳು,
ಸೆಕೆಂಡ್ ಎಂಜಿನಿಯರ್