ಮೂರನೆಯ ಹಲ್ಲು

ಮಾರ್ಚ್ 4, ಮಂಗಳವಾರ

ಡಯಾಲಿಸಿಸ್. ಎಂಟಕ್ಕೆ ಸೂಜಿ, ಹನ್ನೆರಡಕ್ಕೆ ಬಿಡುಗಡೆ. ಎರಡೂಕಾಲು ಕೆಜಿ ನೀರು ತೆಗೆದರು. ಬಾಯಿ ಒಣಗಿ ಮರದ ಹೊಟ್ಟು. ದಿನಕ್ಕೆ ಮುಕ್ಕಾಲು ಲೀಟರ್ ನನ್ನ ಪಾಲು, ಅದರಲ್ಲಿ ಅರ್ಧ ಮಾತ್ರೆ ನುಂಗುವುದಕ್ಕೇ ಹೋಗುತ್ತದೆ. ಬಾಯಿ ಮುಕ್ಕಳಿಸಿ ಉಗಿಯುತ್ತೇನೆ, ನುಂಗುವುದಿಲ್ಲ. ಉಗಿದದ್ದು ಕೆಂಪು. ಎರಡು ವರ್ಷದಿಂದ ಕೆಂಪೇ. ಯಾರೂ ಕೇಳಿರಲಿಲ್ಲ.

ಇವತ್ತು ಕೇಳಿದರು. ಕಿಡ್ನಿ ಡಾಕ್ಟರು ಫೈಲು ಮಡಚಿ ಹೇಳಿದ್ದು — ಅಕ್ಕನ ಕಿಡ್ನಿ ನನಗೆ ಹೊಂದುತ್ತದೆ, ಏಪ್ರಿಲ್ 7ಕ್ಕೆ ಆಪರೇಷನ್. ಬಾಕಿ ಇರುವುದು ಒಂದೇ ಕಾಗದ, ಹಲ್ಲಿನ ವಿಭಾಗದ ಚೀಟಿ. ಬಾಯಲ್ಲಿ ಕೀವು ಉಳಿದಿಲ್ಲ ಅಂತ ಅವರು ಬರೆದುಕೊಡಬೇಕು. ಕಸಿ ಆದ ಮೇಲೆ ಮೈಯ ಕಾವಲು ಇಳಿಸುವ ಮಾತ್ರೆ ಕೊಡುತ್ತಾರೆ. ಆಗ ಒಸಡಿನ ಒಂದು ಚೂರು ಕೀವು ಸಾಕಂತೆ ಆಳನ್ನು ಮುಗಿಸಲು.

ಅಕ್ಕನಿಗೆ ಫೋನ್ ಮಾಡಿದೆ. ಬ್ರೆಡ್ ಫ್ಯಾಕ್ಟರಿಯ ಗದ್ದಲದ ನಡುವೆ ಕೂಗಿ ಮಾತಾಡಿದಳು. ಎರಡು ತಿಂಗಳು ರಜೆ ಬರೆದು ಕೊಟ್ಟಾಯಿತಂತೆ. ಭಾವನ ಮುಖ ಇನ್ನೂ ಬಿಗಿದೇ ಇದೆಯಂತೆ. ಕಿಡ್ನಿ ದಾನಕ್ಕೆ ಅನುಮತಿ ಕೊಡುವ ಕಮಿಟಿಯ ಮುಂದೆ ಗಂಡನ ಒಪ್ಪಿಗೆ ಎಂದು ಸೈನ್ ಹಾಕಿ ಹೊರಗೆ ಬಂದವನೇ ನನ್ನ ಮುಖಕ್ಕೇ ಹೇಳಿದ್ದ: "ಒಂದ್ಸಲ ಹಾಕಿದ್ದೀನಿ. ಎರಡನೇ ಸಲ ನನ್ನ ಕೇಳಬೇಡಿ."

ಒಂದು ಚೀಟಿ. ಅಷ್ಟೇ ತಾನೆ.

ಮಾರ್ಚ್ 6, ಗುರುವಾರ

ಹಲ್ಲಿನ ವಿಭಾಗ. ನೆಲ ಅಂತಸ್ತು, ಎಮರ್ಜೆನ್ಸಿಯ ಪಕ್ಕದ ಓಣಿ. ಮೂರು ಗಂಟೆ ಬೆಂಚು ಕಾದೆ. ಕಲಿಯುವ ಹುಡುಗಿಯೊಬ್ಬಳು ಬಾಯಿ ತೆರೆಸಿದಳು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡಳು.

"ಹಲ್ಲು ಉಜ್ಜೋದೇ ಇಲ್ವಾ ನೀವು?"

ದಿನಕ್ಕೆ ಮೂರು ಸಲ ಉಜ್ಜುತ್ತೇನೆ, ತಾಯಿ. ರಕ್ತ ಬಂದರೂ ಉಜ್ಜುತ್ತೇನೆ. ಮೈಯಿಂದ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ತಿರುಗಿ ಬಾಯಲ್ಲಿ ಮೂತ್ರದ ವಾಸನೆ ಹೊಡೆಯುತ್ತದೆ. ಅದಕ್ಕೆ ಯಾವ ಪೇಸ್ಟ್ ಇದೆ? ಇದನ್ನೆಲ್ಲ ಹೇಳಲಾಗಲಿಲ್ಲ. ಬಾಯಲ್ಲಿ ಕನ್ನಡಿ ಇತ್ತು.

ಆಮೇಲೆ ದೊಡ್ಡ ಮೇಡಂ ಬಂದರು. ಮೆದು ಮಾತಿನವರು. ಒಸಡು ಹಲ್ಲಿನ ಮೇಲೆ ಹತ್ತಿ ಬೆಳೆದಿರುವುದು ನನ್ನ ಕೊಳಕಿನಿಂದ ಅಲ್ಲವಂತೆ, ನಾಲ್ಕು ವರ್ಷದಿಂದ ನುಂಗುತ್ತಿರುವ ಬಿ.ಪಿ. ಮಾತ್ರೆಯಿಂದ. ಆ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತದಂತೆ. ಅದರ ಸಂದಿಯಲ್ಲಿ ಕೀವು. ಮಾತ್ರೆ ಕೊಟ್ಟವರು ಇದನ್ನು ಹೇಳಲಿಲ್ಲ. ಮಾತ್ರೆ ಅವರದು, ಬೈಗುಳ ನನ್ನದು.

ಕೆಳಗಿನ ಸಾಲಿನಲ್ಲಿ ಮೂರು ಹಲ್ಲು ಕೀಳಬೇಕು. ಆದರೆ ಗುರುವಾರ ಕೀಳುವುದಿಲ್ಲ. ಬೇರೆ ಕಾಯಿಲೆ ಇರುವವರ ಹಲ್ಲು ಮಂಗಳವಾರ, ಶುಕ್ರವಾರ ಮಾತ್ರ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಆ ಹೊತ್ತಿಗೆ ಮಾತ್ರ ಅರಿವಳಿಕೆ ಡಾಕ್ಟರು ಇರುತ್ತಾರೆ.

ಮಂಗಳವಾರ, ಶುಕ್ರವಾರ ನಾನು ಮೂರನೇ ಮಹಡಿಯಲ್ಲಿ ಮೆಷಿನ್ನಿಗೆ ಕಟ್ಟಿಸಿಕೊಂಡು ಬಿದ್ದಿರುತ್ತೇನೆ.

ಮಾರ್ಚ್ 7, ಶುಕ್ರವಾರ

ಡಯಾಲಿಸಿಸ್ ಮುಗಿಸಿ ಹಾಗೇ ಕೆಳಗಿಳಿದೆ. ಸಾಧ್ಯವೇ ಇಲ್ಲ ಅಂದರು. ಮೆಷಿನ್ನಿನಲ್ಲಿ ರಕ್ತ ಗಟ್ಟಿಯಾಗದಂತೆ ಇಂಜೆಕ್ಷನ್ ಕೊಟ್ಟಿರುತ್ತಾರಲ್ಲ, ಇವತ್ತು ಕಿತ್ತರೆ ರಕ್ತ ನಿಲ್ಲುವುದಿಲ್ಲ. ನಿಜವೇ. ದಿನ ಬದಲಿಸಿಕೊಂಡು ಬನ್ನಿ ಅಂದರು.

ಮೇಲೆ ಹತ್ತಿದೆ. ಡಯಾಲಿಸಿಸ್ ಟೆಕ್ನಿಷಿಯನ್ ಪಾಪ ಒಳ್ಳೆಯವನು. ದಿನ ಬದಲಿಸಬೇಕಾದರೆ ಹಲ್ಲಿನ ವಿಭಾಗದ ಪತ್ರ ಬೇಕಂತೆ. ಕೆಳಗಿಳಿದೆ. ಅವರಿಗೆ ಕಿಡ್ನಿ ಡಾಕ್ಟರ ಪತ್ರ ಬೇಕಂತೆ. ಕಿಡ್ನಿ ಡಾಕ್ಟರು ಸೋಮವಾರ ಬರುತ್ತಾರಂತೆ. ಲಿಫ್ಟ್ ಸ್ಟ್ರೆಚರ್‌ಗೆ ಮಾತ್ರ. ನಾನಿನ್ನೂ ಮಲಗಿಲ್ಲವಲ್ಲ.

ಮಾರ್ಚ್ 15, ಶನಿವಾರ

ಪತ್ರಗಳಿಂದ ಏನೂ ಆಗಲಿಲ್ಲ. ಆದದ್ದು ಮೇಷ್ಟ್ರಿಂದ.

ಮೇಷ್ಟ್ರು ಎಂದರೆ ನನ್ನ ಮೆಷಿನ್ನಿನ ಬುಧವಾರ–ಶನಿವಾರದ ಯಜಮಾನ. ಎಪ್ಪತ್ತು ದಾಟಿದೆ, ಗಣಿತ ಕಲಿಸಿದವರು. ನಂಬರು ಕೊಟ್ಟದ್ದು ಟೆಕ್ನಿಷಿಯನ್. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, ಮಂಗಳವಾರ ನೀವು ಕೆಳಗೆ ಹೋಗಿ ನಾನು ಮೇಲೆ ಮಲಗುತ್ತೇನೆ, ಬುಧವಾರ ನೀವು ಬನ್ನಿ ಅಂದರು. ಎರಡು ಇಲಾಖೆಗೆ ಬಿಡಿಸಲಾಗದ ಲೆಕ್ಕವನ್ನು ಎರಡು ನಿಮಿಷದಲ್ಲಿ ಬಿಡಿಸಿದರು.

"ನಿಮಗೆ ಹಲ್ಲಿನ ಚೀಟಿ ಕೇಳಲಿಲ್ವಾ ಮೇಷ್ಟ್ರೇ?"

"ನನಗೆ ಕಿಡ್ನಿ ಕೊಡೋರೂ ಇಲ್ಲ, ಬಾಯಲ್ಲಿ ಹಲ್ಲೂ ಇಲ್ಲ. ಸೊನ್ನೆಗೆ ಸೊನ್ನೆ ಸರಿ ಹೋಯ್ತು ಕಣಮ್ಮ."

ಮಾರ್ಚ್ 18, ಮಂಗಳವಾರ

ಎರಡು ಕಿತ್ತರು. ರಕ್ತ ನಿಲ್ಲಲು ಒಂದೂವರೆ ಗಂಟೆ. ಮೂರನೆಯದು ಇವತ್ತು ಬೇಡ ಅಂದರು ಮೇಡಂ, ಇನ್ನೊಂದು ಮಂಗಳವಾರ ಬನ್ನಿ. ಅದು ಕೆಳಗಿನ ಮುಂದಿನ ಹಲ್ಲು. ನಾಲಿಗೆ ತಾಗಿದರೆ ಬಾಗುತ್ತದೆ, ಮುರಿದ ಕೊಕ್ಕೆಯ ಹಾಗೆ. ಇಪ್ಪತ್ತು ವರ್ಷ ದಾರ ಕಚ್ಚಿದ ಹಲ್ಲು. ಕತ್ತರಿಗೆ ಕೈಚಾಚುವಷ್ಟು ಪುರುಸೊತ್ತನ್ನು ಗಾರ್ಮೆಂಟ್ಸ್ ಲೈನಿನಲ್ಲಿ ಯಾರು ಕೊಡುತ್ತಾರೆ?

"ಇದೊಂದು ಇಲ್ದೇ ಇದ್ದಿದ್ರೆ ಇವತ್ತೇ ಬರ್ಕೊಡ್ತಿದ್ದೆ," ಅಂದರು ಮೇಡಂ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಮಾರ್ಚ್ 25, ಮಂಗಳವಾರ

ಮೇಷ್ಟ್ರು ಐಸಿಯು ಸೇರಿ ನಾಲ್ಕು ದಿನ. ಶ್ವಾಸಕೋಶದಲ್ಲಿ ನೀರು. ಅವರ ಸರದಿಗೆ ಬೇರೊಬ್ಬ ಹೆಂಗಸನ್ನು ಹಾಕಿದ್ದಾರೆ. ಆ ಹೆಂಗಸಿನ ಗಂಡ ಅದಲುಬದಲು ಎಂದ ಕೂಡಲೇ ಮುಖ ತಿರುಗಿಸಿದ. ಬೈಯಲಾರೆ. ಸರದಿ ಸಿಗುವವರೆಗೆ ಅವನೂ ಎಷ್ಟು ಬಾಗಿಲು ಬಡಿದನೋ.

ಟೆಕ್ನಿಷಿಯನ್ ಕೈ ಚೆಲ್ಲಿಬಿಟ್ಟ. ಹದಿಮೂರು ದಿನ ಉಳಿದಿದೆ.

ಮಾರ್ಚ್ 27, ಗುರುವಾರ

ಧರಣಿ ಕೂತೆ. ಹಲ್ಲಿನ ವಿಭಾಗದ ಬಾಗಿಲಿಗೆ ಅಡ್ಡ, ನೆಲದ ಮೇಲೆ. ಒಬ್ಬಳೇ.

ಒಂದು ಕಾಲಕ್ಕೆ ಮುನ್ನೂರು ಹೆಂಗಸರನ್ನು ಫ್ಯಾಕ್ಟರಿ ಗೇಟಿನಲ್ಲಿ ಕೂರಿಸಿದ್ದೆ. ಶೌಚಕ್ಕೆ ಹೋಗಲು ಟೋಕನ್ ಕೊಡುತ್ತಿದ್ದ ಮ್ಯಾನೇಜರು ಮೂರನೇ ದಿನ ತಾನೇ ಟೋಕನ್ ಡಬ್ಬಿ ತಂದು ನಮ್ಮ ಮುಂದೆ ಸುರಿದ. ಆ ಗಂಟಲು ಈಗ ಎಲ್ಲಿ? ಘೋಷಣೆ ಕೂಗಲು ಬಾಯಿ ತೆರೆದೆ. ಎರಡು ಹಲ್ಲು ಹೋದ ಸಂದಿಯಲ್ಲಿ ಗಾಳಿ ಸುಯ್ಯೆಂದಿತು. ಎಂಜಲು ಹಾರಿತು.

ಹತ್ತು ನಿಮಿಷಕ್ಕೆ ವಾರ್ಡಿನ ಆಯಾ ವೀಲ್ ಚೇರ್ ತಳ್ಳಿಕೊಂಡು ಬಂದಳು. ಯಾರೋ ಸುಸ್ತಾಗಿ ಬಿದ್ದಿದ್ದಾರೆ ಎಂದು ಹೇಳಿದರಂತೆ.

ಪ್ರತಿಭಟನೆ ಮಾಡ್ತಿದ್ದೀನಿ ಅಂದೆ.

"ಮಾಡಿ ಅಕ್ಕ. ಕೂತ್ಕೊಂಡು ಮಾಡಿ," ಎಂದು ಕುರ್ಚಿಯಲ್ಲಿ ಕೂರಿಸಿ ಓಣಿಯ ತುದಿಗೆ ತಳ್ಳಿ ಬ್ರೇಕ್ ಹಾಕಿ ಹೋದಳು.

ಕುರ್ಚಿ ಮೆತ್ತಗಿತ್ತು. ಅತ್ತುಬಿಟ್ಟೆ. ಅದೂ ಯಾರಿಗೂ ಕಾಣಲಿಲ್ಲ.

ಏಪ್ರಿಲ್ 2, ಬುಧವಾರ. ಸಂಜೆ 4.30

ನಿನ್ನೆಯೂ ಆಗಲಿಲ್ಲ. ಶುಕ್ರವಾರವೂ ಆಗುವುದಿಲ್ಲ. ಸೋಮವಾರ ಆಪರೇಷನ್. ನಾಳೆ ಸಂಜೆಯೊಳಗೆ ಚೀಟಿ ಫೈಲಿನಲ್ಲಿ ಇಲ್ಲದಿದ್ದರೆ ಥಿಯೇಟರ್ ಬೇರೆಯವರಿಗೆ. ಭಾವನ ಮಾತು ನೆನಪಾಗುತ್ತದೆ.

ಇಂಜೆಕ್ಷನ್ ನಿನ್ನೆಯದು, ಇಷ್ಟರಲ್ಲಿ ಇಳಿದಿರುತ್ತದೆ. ಮಗಳು ಕಾಲೇಜಿನಿಂದ ಬರಲು ಇನ್ನೂ ಒಂದು ಗಂಟೆ ಇದೆ. ಗುಂಡಿ ಹೊಲಿಯುವ ದಾರ, ಎರಡೆಳೆ.

5.10

ಬಂತು. ಎಳೆದದ್ದೇ ಗೊತ್ತಾಗಲಿಲ್ಲ. ಇಷ್ಟಕ್ಕೆ ಒಂದು ತಿಂಗಳು ಮೆಟ್ಟಿಲು ಹತ್ತಿಸಿದರಲ್ಲ — ನಗು ಬಂತು. ಬಟ್ಟೆ ಒತ್ತಿ ಹಿಡಿದಿದ್ದೇನೆ.

6.40

ಮೂರನೇ ಬಟ್ಟೆ. ಮಗಳು ಬೈದು ಐಸ್ ತರಲು ಓಡಿದ್ದಾಳೆ. ನಿಲ್ಲುತ್ತದೆ. ನಿಲ್ಲಲೇಬೇಕು

ಏಪ್ರಿಲ್ 6, ಭಾನುವಾರ

ವಾರ್ಡು. ಪೆನ್ನು ಹಿಡಿಯಲು ಇವತ್ತು ಆಯಿತು.

ರಕ್ತ ನಿಲ್ಲಲಿಲ್ಲವಂತೆ. ಕಿಡ್ನಿ ಕೆಟ್ಟವರ ರಕ್ತ ಇಂಜೆಕ್ಷನ್ ಇಲ್ಲದಿದ್ದರೂ ಸುಲಭಕ್ಕೆ ಗಟ್ಟಿಯಾಗುವುದಿಲ್ಲ ಎಂದು ಈಗ ಹೇಳುತ್ತಾರೆ. ಮಗಳು ಆಟೋದಲ್ಲಿ ಎತ್ತಿಹಾಕಿಕೊಂಡು ಎಮರ್ಜೆನ್ಸಿಗೆ ತಂದಿದ್ದಾಳೆ. ಅಷ್ಟರಲ್ಲಿ ನನಗೆ ಪ್ರಜ್ಞೆ ಇರಲಿಲ್ಲ. ಎರಡು ಬಾಟಲಿ ರಕ್ತ ಹಾಕಿದರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಹೆಮ್ಮೆ. ಹತ್ತೊಂಬತ್ತು ವರ್ಷ ಅವಳಿಗೆ.

"ಯಾರಾದ್ರೂ ದೊಡ್ಡೋರು ಇದ್ದಾರಾ ಅಂದ್ರು. ನಾನೇ ದೊಡ್ಡೋಳು ಅಂದೆ. ನಾನೇ ಸೈನ್ ಹಾಕ್ದೆ ಅಮ್ಮ."

ತಲೆ ನೇವರಿಸಿದೆ. ಬೇರೇನು ಮಾಡಲಿ.

ಹಲ್ಲಿನ ಮೇಡಂ ವಾರ್ಡಿಗೇ ಬಂದು ಹೊಲಿಗೆ ನೋಡಿದರು, ಬೈದರು, ಚೀಟಿ ಬರೆದರು. ಬಾಯಿ ಶುದ್ಧವಾಗಿದೆಯಂತೆ. ಒಂದು ತಿಂಗಳು ನಾನು ಅಟ್ಟಿಸಿಕೊಂಡು ಹೋದ ಕಾಗದ, ನಾನು ಮಲಗಿದ ಮೇಲೆ ತಾನೇ ನಡೆದು ಬಂತು.

ಆಪರೇಷನ್ 23ಕ್ಕೆ. ಅಲ್ಲಿಯವರೆಗೆ ಭಾವನ ಹಳೆಯ ಸೈನೇ ನಡೆಯುತ್ತದಂತೆ. ಕಿಡ್ನಿ ಡಾಕ್ಟರು ರಜೆಯಲ್ಲಿದ್ದರು. ತಾರೀಖು ಹೇಳಿದ್ದು ಕಿರಿಯ ಡಾಕ್ಟರು.

ಏಪ್ರಿಲ್ 13, ಭಾನುವಾರ

ಅಕ್ಕ ಬಂದಿದ್ದಾಳೆ. ಬರುವಾಗಲೇ ಜುಟ್ಟು ಕತ್ತರಿಸಿಕೊಂಡು ಬಂದಿದ್ದಾಳೆ, ಆಸ್ಪತ್ರೆಯಲ್ಲಿ ಬಾಚುವವರು ಯಾರು ಎಂದು. ಬಾಯಿ ತೆರೆಸಿ ನೋಡಿದಳು.

"ಥೂ, ಅಜ್ಜಿ ಥರ ಆಗಿದ್ಯಲ್ಲೇ. ನನ್ನ ಕಿಡ್ನಿಗೆ ಅವಮಾನ ಕಣೇ ಇದು."

ನಕ್ಕೆವು, ಮೂವರೂ. ಮೆಷಿನ್ ಇಲ್ಲದ ಮಂಗಳವಾರದಲ್ಲಿ ಏನು ಮಾಡುತ್ತೀ ಎಂದು ಕೇಳಿದಳು. ಒಂದು ಚೊಂಬು ನೀರು ಒಂದೇ ಗುಟುಕಿಗೆ ಕುಡಿಯುತ್ತೇನೆ ಅಂದೆ.

ಏಪ್ರಿಲ್ 22, ಮಂಗಳವಾರ. ಮಧ್ಯಾಹ್ನ 3

ಬರೆಯಲೇಬೇಕು, ಇಲ್ಲವಾದರೆ ಬಾಯಿಂದ ಬಿದ್ದುಬಿಡುತ್ತದೆ.

ಆಪರೇಷನ್‌ಗೆ ಮುಂಚೆ ಅಕ್ಕನ ರಕ್ತ, ನನ್ನ ರಕ್ತ ಸೇರಿಸಿ ಕೊನೆಯ ಸಲ ನೋಡುತ್ತಾರೆ. ಅದರ ಫಲಿತಾಂಶ ಬಂದಿತ್ತು. ಕಿಡ್ನಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಮಗಳು ಹೊರಗೆ ಔಷಧಿಯ ಕ್ಯೂನಲ್ಲಿದ್ದಳು.

"ನಡುವೆ ರಕ್ತ ಹಾಕಿದ್ದು ಯಾರು?"

ನಿಮ್ಮ ಆಸ್ಪತ್ರೆಯವರೇ ಅಂದೆ. ಮೂರು ಮಹಡಿ ಕೆಳಗೆ.

ಡಾಕ್ಟರು ಎದ್ದು ಬಾಗಿಲು ಹಾಕಿ ಬಂದರು. ಆಮೇಲೆ ಹೇಳಿದ್ದು ಇಷ್ಟು. ಬೇರೆಯವರ ರಕ್ತ ಮೈಗೆ ಬಂದರೆ ಮೈ ಅದರ ಮೇಲೆ ಯುದ್ಧ ಕಲಿಯುತ್ತದೆ. ಹೆತ್ತ ಹೆಂಗಸಿನ ಮೈ ಇನ್ನೂ ಬೇಗ ಕಲಿಯುತ್ತದೆ. ಕಲಿತದ್ದನ್ನು ಈಗ ಅಕ್ಕನ ಕಿಡ್ನಿಯ ಮೇಲೂ ಹೂಡುತ್ತದೆ. ನಾಳೆ ಹಾಕಿದರೆ ಮೇಜಿನ ಮೇಲೇ ಕಪ್ಪಾಗುತ್ತದೆ. ಕಸಿಗೆ ಕಾದಿರುವವರಿಗೆ ಕೊಡಲೇಬೇಕಾದರೆ ಬಿಳಿ ಕಣ ಸೋಸಿದ ರಕ್ತ ಕೊಡಬೇಕು. ಅಪಾಯ ಪೂರ್ತಿ ಹೋಗದು, ಕಡಿಮೆಯಾಗುತ್ತದೆ. ಒಂದು ಫೋನ್ ಮಾಡಿದ್ದರೆ ಮೇಲಿನಿಂದ ಹೇಳುತ್ತಿದ್ದರಂತೆ. ಯಾರೂ ಮಾಡಲಿಲ್ಲ.

ನನಗೂ ಯಾರೂ ಹೇಳಲಿಲ್ಲವಲ್ಲ ಅಂದೆ. ಫೈಲು ತಿರುವಿ ತೋರಿಸಿದರು. ನಾಲ್ಕನೇ ಪುಟ, ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಸೂಚನೆಗಳು. ಕಿಡ್ನಿ ವಿಭಾಗವನ್ನು ಕೇಳದೆ ರಕ್ತ ಹಾಕಿಸಿಕೊಳ್ಳಬಾರದು ಎಂದು ಅದರಲ್ಲೊಂದು ಸಾಲಂತೆ. ಕೆಳಗೆ ನನ್ನ ಸಹಿ, ಕನ್ನಡದಲ್ಲಿ.

"ರಕ್ತ ಹಾಕದೇ ಇದ್ದಿದ್ರೆ?" ಅಂದೆ.

"ನೀವು ಇಲ್ಲಿ ಕೂತಿರ್ತಿರ್ಲಿಲ್ಲ."

ಯಾರ ಗೇಟಿನಲ್ಲಿ ಕೂರಲಿ ಹೇಳಿ. ಯಾರ ಹೆಸರು ಕೂಗಲಿ. ಮಾತ್ರೆ ಕೊಟ್ಟವರು ಒಳ್ಳೆಯವರು. ಹಲ್ಲಿನ ಮೇಡಂ ಒಳ್ಳೆಯವರು. ರಕ್ತ ಹಾಕಿದವನು ಜೀವ ಉಳಿಸಿದ. ಎಲ್ಲರೂ ಅವರವರ ಮಹಡಿಯಲ್ಲಿ ಅವರವರ ಕೆಲಸ ಸರಿಯಾಗಿಯೇ ಮಾಡಿದ್ದಾರೆ.

ಆರು ತಿಂಗಳಿಗೊಮ್ಮೆ ನೋಡೋಣ ಅಂದರು. ಮೈ ಕಲಿತ ಆ ಯುದ್ಧ ಇಳಿಯಬಹುದು, ಇಳಿಯದೆಯೂ ಇರಬಹುದು. ಆಗ ಹೊಸ ಕಮಿಟಿ, ಭಾವನ ಹೊಸ ಸೈನು.

ಫಲಿತಾಂಶ ಬಂದಿಲ್ಲ ಎಂದು ಮಗಳಿಗೆ ಸುಳ್ಳು ಹೇಳಿ ಮನೆಗೆ ಬಂದೆ.

5.20

ಅಕ್ಕ ಆಚೆ ಕೋಣೆಯಲ್ಲಿ ಬ್ಯಾಗು ಕಟ್ಟುತ್ತಿದ್ದಾಳೆ. ಒಂದು ಟವೆಲ್ ಸಾಕಾ ಎರಡಾ ಎಂದು ಎರಡು ಸಲ ಕೂಗಿದಳು.

ಹೇಳಿಬಿಡುತ್ತೇನೆ. ಅಕ್ಕನ ಮುಖ ನೋಡಿಕೊಂಡು ಹೇಳಬೇಕು, ಮಗಳ ಕಡೆ ತಿರುಗಬಾರದು. ಹಲ್ಲು ನಾನೇ ಕಿತ್ತುಕೊಂಡೆ, ಅದರಿಂದ ಮೈ ಕೆಟ್ಟಿತು, ಡಾಕ್ಟರು ಬೇಡವೆಂದರು. ಅಷ್ಟೇ. ರಕ್ತದ ಸುದ್ದಿಯೇ ಬೇಡ. ಹತ್ತೊಂಬತ್ತರ ಹುಡುಗಿ ಅಮ್ಮನನ್ನು ಉಳಿಸಿಕೊಳ್ಳಲು ಹಾಕಿದ ಸೈನು. ಅದು ಹೆಮ್ಮೆಯಾಗಿಯೇ ಉಳಿಯಲಿ.

ಏಳುತ್ತೇನೆ.

ಮಗಳು ಏನೋ ಕೇಳುತ್ತಿದ್ದಾಳೆ. ನಾಳೆ ಎಷ್ಟು ಗಂಟೆಗೆ ಹೊರಡಬೇಕು, ದೊಡ್ಡಮ್ಮ ಏನು ತಿನ್ನಬಾರದು, ಎಲ್ಲ ಫೈಲಿನಲ್ಲೇ ಇರುತ್ತದೆ, ನೋಡುತ್ತೇನೆ ಎಂದಳು. ಫೈಲು ನನ್ನ ಚೀಲದಲ್ಲಿದೆ. ಚೀಲ ಅವಳ ಹತ್ತಿರ. ಪುಟ ತಿರುವುವ ಸದ್ದು. ಅವಳಿಗೆ ಇಂಗ್ಲಿಷ್ ಚೆನ್ನಾಗಿ

ಸದ್ದು ನಿಂತಿತು.

"ಅಮ್ಮಾ," ಎಂದಳು, ಮೆತ್ತಗೆ. "ಇಲ್ಲಿ ಬಾ ಸ್ವಲ್ಪ. ಈ ನಾಲ್ಕನೇ